ಯುವ ನಾಯಕನಿಗೆ ಹದಿಮೂರು ತುಂಬಿತು

ನಮ್ಮ ಸರ್ಕಲ್ಲಿನಲ್ಲಿ ಸಿಗ್ನಲ್ ಲೈಟು ಕಾಣಿಸದೆ ಇವತ್ತಿಗೆ ನಾಲ್ಕು ದಿನ. ಕರೆಂಟಿನ ತೊಂದರೆ ಅಂದ್ಕೋಬೇಡಿ. ಅದರ ಮುಂದೆ ಮುಖಂಡರ ಸುಪುತ್ರ ನಿಂತಿದ್ದಾರೆ, 20 ಅಡಿ ಎತ್ತರಕ್ಕೆ. ಬಿಳಿ ಷರಟು, ಕೂಲಿಂಗ್ ಗ್ಲಾಸು, ಬೆನ್ನ ಹಿಂದೆ ಸಿಂಹ. ‘ಯುವ ನಾಯಕ, ಬಡವರ ಬಂಧು, ಜೂನಿಯರ್ ಬಾಸ್‌ಗೆ 13ನೇ ಹುಟ್ಟುಹಬ್ಬದ ಶುಭಾಶಯಗಳು.’

ಬಡವರ ಬಂಧು ಎಂಟನೇ ಕ್ಲಾಸು. ಬಡವರಿಗೆ ಏನು ಮಾಡಿದ್ದಾರೆ ಅಂತ ಕೇಳಬೇಡಿ, ಇನ್ನೂ ಯೂನಿಟ್ ಟೆಸ್ಟ್ ಮುಗಿದಿಲ್ಲ. ಡಿಸೈನ್ ಮಾಡಿದವನ ಕೈಚಳಕ ಮಾತ್ರ ಮೆಚ್ಚಬೇಕು. ಇನ್ನೂ ಬರದ ಮೀಸೆಯ ಜಾಗದಲ್ಲಿ ತೆಳ್ಳಗೆ ಕಪ್ಪು ಬಳಿದಿದ್ದಾನೆ. ಎಡಗಡೆ ಸ್ವಲ್ಪ ಜಾಸ್ತಿ ಆಗಿದೆ. ಕೆಳಗೆ ಶುಭ ಕೋರುವವರ ಪಾಸ್‌ಪೋರ್ಟ್ ಸೈಜಿನ ಮುಖಗಳು. ಎಣಿಸಿದೆ, 31. ಸಿಗ್ನಲ್ ಕಾಣದೆ ನಿಂತವನಿಗೆ ಬೇರೇನು ಕೆಲಸ? ಒಬ್ಬರಿಗೆ ಅರವತ್ತು ದಾಟಿರಬೇಕು, ಅವರೂ ‘ನಿಮ್ಮ ಅಭಿಮಾನಿ’.

ಅಷ್ಟಕ್ಕೂ ಹದಿಮೂರರಲ್ಲಿ ಅಂಥದ್ದೇನಿದೆ? ಇಂಗ್ಲಿಷಿನಲ್ಲಿ ಥರ್ಟೀನ್‌ನಿಂದ ನೈನ್‌ಟೀನ್‌ವರೆಗೆ ಬಾಲಕ್ಕೆ ‘ಟೀನ್’ ಅಂಟಿಕೊಂಡಿದೆ, ಹಾಗಾಗಿ ಟೀನೇಜು. ನಮ್ಮ ಕನ್ನಡವೇನು ಕಮ್ಮಿಯಿಲ್ಲ. ಹನ್ನೊಂದು, ಹನ್ನೆರಡು ಆದಮೇಲೆ ‘ಹದಿ’ ಶುರುವಾಗುವುದೂ ಹದಿಮೂರಕ್ಕೇ. ಆದರೆ ನಮ್ಮದು ಹದಿನೆಂಟಕ್ಕೆ ಮುಗಿಯುತ್ತದೆ. ಹತ್ತೊಂಬತ್ತರಲ್ಲಿ ಹದಿ ಇಲ್ಲ, ನೋಡಿ. ವೋಟು ಹಾಕೋ ವಯಸ್ಸಿಗೆ ಹುಡುಗಾಟ ಬಂದ್ ಅಂತ ಅಜ್ಜಂದಿರು ಆಗಲೇ ಲೆಕ್ಕ ಹಾಕಿಟ್ಟಿದ್ದರೋ ಏನೋ! ಇನ್‌ಸ್ಟಾಗ್ರಾಂ ಕೂಡ ಖಾತೆ ತೆರೆಯಲು 13 ತುಂಬಿರಬೇಕು ಅನ್ನುತ್ತದೆ. ಬಾಸ್ ಐಡಿ ಫ್ಲೆಕ್ಸಿನಲ್ಲೇ ಇತ್ತು. ಸುಮ್ನೆ ತೆರೆದು ನೋಡಿದೆ. ಮೊದಲ ಪೋಸ್ಟು ಹತ್ತನೇ ಹುಟ್ಟುಹಬ್ಬದ್ದು.

ರಾತ್ರಿ ಹನ್ನೆರಡಕ್ಕೆ ಪಟಾಕಿ. ಆಮೇಲೆ ರಸ್ತೆಗೆ ಅಡ್ಡಲಾಗಿ ಕ್ರೇನು, ಅದರಲ್ಲಿ ಸೇಬಿನ ಹಾರ. ಹಾರ ಕೆಳಗಿಳಿಯುತ್ತಿದ್ದಂತೆ ಹುಡುಗ ಒಂದು ಸೇಬು ಕಿತ್ತು ಕಚ್ಚಿದ. ಪಕ್ಕದವರು ಮೊಣಕೈಯಲ್ಲಿ ತಿವಿದರು. ಬಾಯಲ್ಲಿ ಸೇಬು ಇಟ್ಟುಕೊಂಡೇ ಜನಕ್ಕೆ ಕೈ ಮುಗಿದ. ಪಾಪ, ಅವನಿಗೆ ನಿದ್ದೆ ಬಂದಿತ್ತು.

ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾಗಿದ್ದು 2016ರಲ್ಲಿ. 2018ರಲ್ಲಿ ಹೈಕೋರ್ಟ್ ಛೀಮಾರಿ ಹಾಕಿದ ಮೇಲೆ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸ್ ಕಿತ್ತರು. ಆಗ ಗೋಡೆ, ಮರ, ಆಕಾಶ ಎಲ್ಲ ಕಂಡು ನಮಗೇ ನಾಚಿಕೆಯಾಗಿತ್ತು. ಈಗ ಸಂಬಂಧಪಟ್ಟವರಿಗೆ ಫೋನ್ ಮಾಡಿದರೆ, ‘ಹುಡುಗನ ಬರ್ತ್‌ಡೇ ಅಲ್ವಾ ಸಾರ್, ಎರಡು ದಿನ ಅಡ್ಜಸ್ಟ್ ಮಾಡ್ಕೊಳ್ಳಿ.’

ಏನು ಅಡ್ಜಸ್ಟ್ ಮಾಡಿಕೊಳ್ಳೋದು? 2019ರಲ್ಲಿ ಚೆನ್ನೈನಲ್ಲಿ ಮದುವೆಯ ಬ್ಯಾನರೊಂದು ಸ್ಕೂಟರಿನಲ್ಲಿ ಹೋಗುತ್ತಿದ್ದ 23ರ ಹುಡುಗಿಯ ಮೇಲೆ ಬಿತ್ತು. ಅವಳು ರಸ್ತೆಗೆ ಬಿದ್ದಳು, ಹಿಂದಿನಿಂದ ಟ್ಯಾಂಕರ್ ಬಂತು. ಅದೂ ಯಾರದೋ ಮನೆಯ ಸಂಭ್ರಮವೇ ಆಗಿತ್ತು. ಸಾಕಾಗಿಹೋಗಿದೆ ಕಣ್ರೀ. ನಮ್ಮ ಸರ್ಕಲ್ಲಿನ ಫ್ಲೆಕ್ಸನ್ನು ಎರಡು ಸರ್ವೆ ಕಂಬಕ್ಕೆ ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿದ್ದಾರೆ. ಎಡಗಡೆಯ ಗಂಟು ನಿನ್ನೆಯೇ ಸಡಿಲವಾಗಿದೆ. ಇವತ್ತು ಬೆಳಗ್ಗಿನಿಂದ ಗಾಳಿ.