ಕೊನೆಯ ಪುಟ ಮೊದಲು ಓದುವ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಕಾದಂಬರಿಗಳನ್ನು ಹಿಂದಿನಿಂದ ಓದುತ್ತಿದ್ದರು. ಅರಸೀಕೆರೆಯಲ್ಲಿ ಅವರ ಮನೆಯಿಂದ ಎರಡು ಬೀದಿ ಆಚೆ ಒಂದು ಬಾಡಿಗೆ ಲೈಬ್ರರಿ ಇತ್ತು. ದಿನಕ್ಕೆ 50 ಪೈಸೆ. ಹೂವು ತರುವ ನೆಪದಲ್ಲಿ ಸಂಜೆ ಹೊರಟು ನನ್ನನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತಿದ್ದರು. ಪುಸ್ತಕ ಕೈಗೆ ಬಂದ ಕೂಡಲೇ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೊನೆಯ ಎರಡು ಪುಟ ಅಲ್ಲೇ ನಿಂತು ಓದಿಬಿಡುವರು. "ಅಮ್ಮಾ, ಎಲ್ಲಾ ಇಲ್ಲೇ ಓದಿ ಮುಗಿಸಿದ್ರೆ ನನ್ನ ಹೊಟ್ಟೆ ಪಾಡೇನು?" ಅಂತ ಅಂಗಡಿಯವರು ಗೊಣಗುವರು. ದೊಡ್ಡಮ್ಮನ ಉತ್ತರ ಯಾವಾಗಲೂ ಒಂದೇ: "ಯಾರು ಸಾಯ್ತಾರೆ ಅಂತ ಗೊತ್ತಾದ್ರೆ ತಾನೇ ಯಾರನ್ನ ಎಷ್ಟು ಹಚ್ಕೋಬೇಕು ಅಂತ ಗೊತ್ತಾಗೋದು?"

ನಾನು ಈಗ ಇರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಶುವಾದಲ್ಲಿ. ಪಕ್ಕದ ರಾಜ್ಯ ಮೇನ್. ಭಯಾನಕ ಕಥೆಗಳಿಗೆ ಹೆಸರಾದ ಕಾದಂಬರಿಕಾರ ಸ್ಟೀಫನ್ ಕಿಂಗ್ ಹುಟ್ಟಿದ್ದು ಅಲ್ಲಿ, ಅವರ ಬಹುತೇಕ ಕಥೆಗಳು ನಡೆಯುವುದೂ ಅಲ್ಲೇ. ಹಾಗಾಗಿ ಈ ಕಡೆಯ ಜನಕ್ಕೆ ಅವರು ಪಕ್ಕದ ಬೀದಿಯವರ ಹಾಗೆ. ನಮ್ಮ ಊರಿನ ಲೈಬ್ರರಿಯಲ್ಲಿ ತಿಂಗಳಿಗೊಂದು ಸಂಜೆ ಹತ್ತು ಹನ್ನೆರಡು ಜನ ಸೇರಿ ಅವರ ಒಂದೊಂದೇ ಪುಸ್ತಕ ಓದಿ ಮಾತಾಡುತ್ತೇವೆ. ಒಬ್ಬರು ನಿವೃತ್ತ ನರ್ಸ್, ಒಬ್ಬರು ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವವರು, ಇಬ್ಬರು ಟೀಚರ್‌ಗಳು, ಒಂದು ತಟ್ಟೆ ಕುಕೀಸ್, ಫ್ಲಾಸ್ಕಿನಲ್ಲಿ ಬಣ್ಣ ಮಾತ್ರ ಇರುವ ಕಾಫಿ.

ಇಲ್ಲಿ ಒಂದು ಕಟ್ಟುನಿಟ್ಟಾದ ನಿಯಮ ಇದೆ. ಪುಸ್ತಕ ಓದಿ ಮುಗಿಸದವರು ಮೊದಲೇ ಕೈ ಎತ್ತಬೇಕು. ಅವರು ಎದ್ದು ಹೋಗುವ ತನಕ ಕೊನೆಯ ಬಗ್ಗೆ ಯಾರೂ ಬಾಯಿ ಬಿಡುವ ಹಾಗಿಲ್ಲ. ಒಂದು ಸಲ ಲಾರಿಯವರಿಗೆ 60 ಪುಟ ಬಾಕಿ ಇತ್ತು. ಹೊರಗೆ ಹಿಮ ಬೀಳುತ್ತಿತ್ತು, ಎದ್ದು ಹೋಗಲು ಅವರಿಗೆ ಮನಸ್ಸಿಲ್ಲ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಗೋಡೆ ಕಡೆ ತಿರುಗಿ ಏನೋ ಗುನುಗುತ್ತಾ ಕೂತರು. ಆರಡಿ ಎತ್ತರದ ಆಸಾಮಿ. ನನಗೆ ನಗು ತಡೆಯಲಾಗಲಿಲ್ಲ. ಬೇರೆ ಯಾರೂ ನಗಲಿಲ್ಲ. ಅವರಿಗೆ ಅದು ನಗುವ ವಿಷಯವೇ ಅಲ್ಲ.

ತಮಾಷೆ ಏನೆಂದರೆ, ಇಷ್ಟು ಜೋಪಾನ ಮಾಡಿದ ಕೊನೆಯನ್ನು ಓದಿದ ಮೇಲೆ ಎಲ್ಲರೂ ಬೈಯುವುದೂ ಅದನ್ನೇ. ಕಿಂಗ್‌ಗೆ ಕಥೆ ಮುಗಿಸಲು ಬರಲ್ಲ ಅನ್ನುವುದು ಇಲ್ಲಿ ಗಾದೆಯ ಹಾಗೆ ಆಗಿಬಿಟ್ಟಿದೆ. 'ದಿ ಸ್ಟ್ಯಾಂಡ್' ಕಾದಂಬರಿಯಲ್ಲಿ ಸಾವಿರ ಪುಟ ಕಾದ ಯುದ್ಧವನ್ನು ಆಕಾಶದಿಂದ ಬಂದ ದೇವರ ಕೈ ಬಾಂಬ್ ಸಿಡಿಸಿ ಮುಗಿಸುತ್ತದೆ. 'ಅಂಡರ್ ದಿ ಡೋಮ್'ನಲ್ಲಿ ಊರಿಗೆ ಊರೇ ಗಾಜಿನಂಥ ಗುಮ್ಮಟದ ಕೆಳಗೆ ಸಿಕ್ಕಿ ಸತ್ತದ್ದು ಬೇರೆ ಲೋಕದ ಹುಡುಗರ ಆಟಕ್ಕೆ. ನಮ್ಮ ಕಡೆ ಹುಡುಗರು ಭೂತಗನ್ನಡಿ ಹಿಡಿದು ಇರುವೆ ಸುಡುತ್ತಾರಲ್ಲ, ಹಾಗೆ. 'ಇಟ್' ಕಥೆಯ ಮಹಾ ಭೂತ ಕೊನೆಗೆ ಒಂದು ದೊಡ್ಡ ಜೇಡ. ಈ ದೂರು ಕಿಂಗ್ ಕಿವಿಗೂ ಬಿದ್ದಿದೆ. 2019ರಲ್ಲಿ ಬಂದ 'ಇಟ್' ಸಿನಿಮಾದ ಎರಡನೇ ಭಾಗದಲ್ಲಿ ಅವರೇ ಹಳೇ ಸಾಮಾನಿನ ಅಂಗಡಿಯವನಾಗಿ ಬಂದು, ಸೈಕಲ್ ಕೊಳ್ಳಲು ಬಂದ ಕಾದಂಬರಿಕಾರನಿಗೆ, ನಿನ್ನ ಪುಸ್ತಕದ ಕೊನೆ ನನಗೆ ಹಿಡಿಸಲಿಲ್ಲ ಅನ್ನುತ್ತಾರೆ. ನಮ್ಮ ಗುಂಪಿನವರು ಈ ದೃಶ್ಯದ ಬಗ್ಗೆ ಎಷ್ಟು ಸಲ ಹೇಳಿಕೊಂಡು ನಕ್ಕಿದ್ದಾರೋ.

ನಮ್ಮ ಗುಂಪು ಅತಿ ಹೆಚ್ಚು ಹೊತ್ತು ಜಗಳ ಆಡಿದ್ದು 'ದಿ ಡಾರ್ಕ್ ಟವರ್' ಮೇಲೆ. ಏಳು ಸಂಪುಟ. ಮೊದಲನೆಯದು ಪುಸ್ತಕವಾಗಿದ್ದು 1982ರಲ್ಲಿ, ಏಳನೆಯದು 2004ರಲ್ಲಿ. ರೋಲಂಡ್ ಅನ್ನುವ ಬಂದೂಕಿನ ವೀರ ಒಂದು ಗೋಪುರ ಹುಡುಕಿಕೊಂಡು ಹೋಗುತ್ತಾನೆ, ಅಷ್ಟೇ ಕಥೆ. ನಾಲ್ಕು ಸಂಪುಟ ಮುಗಿದಿದ್ದಾಗ, 1999ರ ಜೂನ್‌ನಲ್ಲಿ, ಮೇನ್‌ನ ಒಂದು ಹಳ್ಳಿ ರಸ್ತೆ ಬದಿ ನಡೆಯುತ್ತಿದ್ದ ಕಿಂಗ್‌ಗೆ ವ್ಯಾನ್ ಗುದ್ದಿತು. ಬದುಕಿದ್ದೇ ಹೆಚ್ಚು. ಅಭಿಮಾನಿಗಳಿಗೆ ಆಗ ಎರಡು ಚಿಂತೆ: ಮನುಷ್ಯ ಉಳಿಯಬೇಕು, ಕಥೆ ಮುಗಿಯಬೇಕು. ಎರಡರಲ್ಲಿ ಯಾವುದು ಮೊದಲು ಅಂತ ನರ್ಸಮ್ಮನನ್ನು ಕೇಳಿದೆ. ಅವರು ಕುಕೀಸ್ ತಟ್ಟೆ ನೋಡುತ್ತಾ ಕೂತರು.

ಏಳನೇ ಸಂಪುಟದ ಕೊನೆಯಲ್ಲಿ ಕಿಂಗ್ ಒಂದು ವಿಚಿತ್ರ ಕೆಲಸ ಮಾಡುತ್ತಾರೆ. ಕಥೆ ನಿಲ್ಲಿಸಿ ಓದುಗರ ಹತ್ತಿರ ನೇರವಾಗಿ ಮಾತಾಡುತ್ತಾರೆ. ಇಲ್ಲಿಗೇ ಪುಸ್ತಕ ಮುಚ್ಚಿಡಿ, ಗೋಪುರದ ಒಳಗೆ ಏನಿದೆ ಅಂತ ನೋಡಲೇಬೇಕಾ, ನೋಡಿದರೆ ನಿಮಗೆ ಬೇಜಾರಾಗಬಹುದು ಅಂತ. ನಮ್ಮ ದೊಡ್ಡಮ್ಮ ಈ ಪುಸ್ತಕ ಹಿಡಿದಿದ್ದರೆ ಆ ಎಚ್ಚರಿಕೆ ಅವರ ಕಣ್ಣಿಗೇ ಬೀಳುತ್ತಿರಲಿಲ್ಲ. ಅದರ ಮುಂದಿನ ಪುಟದಿಂದಲೇ ಶುರು ಮಾಡಿರುತ್ತಿದ್ದರು.

ಗೋಪುರದ ಒಳಗೆ ಇರುವುದು ರೋಲಂಡ್‌ನ ಬದುಕೇ. ಒಂದೊಂದು ಅಂತಸ್ತಿನಲ್ಲಿ ಒಂದೊಂದು ಕಾಲ. ತುದಿಯ ಬಾಗಿಲು ತೆಗೆದರೆ ಅದು ಅವನನ್ನು ಮೊದಲ ಪುಸ್ತಕದ ಮರಳುಗಾಡಿಗೆ ಎಳೆದುಕೊಂಡು ಹೋಗಿ ಬಿಡುತ್ತದೆ. ಮೊದಲ ಸಂಪುಟದ ಮೊದಲ ಸಾಲೇ ಏಳನೆಯದರ ಕೊನೆ ಸಾಲು. ಒಂದೇ ಒಂದು ವ್ಯತ್ಯಾಸ, ಈ ಸಲ ಅವನ ಹತ್ತಿರ ಒಂದು ಕೊಂಬಿನ ಕಹಳೆ ಇದೆ. ಹಿಂದೊಮ್ಮೆ ರಣರಂಗದಲ್ಲಿ ಎತ್ತಿಕೊಳ್ಳದೆ ಬಿಟ್ಟು ಬಂದದ್ದು. (ಕೊನೆ ಹೇಳಿಬಿಟ್ಟೆ ಅಂತ ಬೈಯಬೇಡಿ. 2004ರ ಪುಸ್ತಕ. ಓದುವವರು ಇಷ್ಟರಲ್ಲಿ ಓದಿರುತ್ತಾರೆ.)

"22 ವರ್ಷ ಕಾಯಿಸಿ ಮತ್ತೆ ಶುರುವಿನಿಂದಾ? ಇದು ಮೋಸ" ಅಂದರು ಲಾರಿಯವರು. ಕಹಳೆ ಇದೆಯಲ್ಲ, ಮುಂದಿನ ಸುತ್ತಿನಲ್ಲಿ ಬಿಡುಗಡೆ ಇರಬಹುದು ಅಂದರು ಟೀಚರಮ್ಮ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಇಂಡಿಯಾದವನು, ಕರ್ಮ, ಪುನರ್ಜನ್ಮ ಎಲ್ಲ ಗೊತ್ತಿರುತ್ತೆ, ಇವನೇ ಹೇಳಲಿ ಅಂತ. ನಾನು ಹುಟ್ಟಿನಿಂದಲೇ ಋಷಿ ಅನ್ನುವ ಹಾಗೆ ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ಲಾರಿಯವರ ಹಾಗೇ ಸಿಟ್ಟು ಬಂದಿತ್ತು. ಪುನರ್ಜನ್ಮ ನಂಬುವವರಿಗೂ 22 ವರ್ಷ 22 ವರ್ಷವೇ ಅಲ್ವಾ?

ಆದರೆ ಅವತ್ತು ಡ್ರೈವ್ ಮಾಡಿಕೊಂಡು ಮನೆಗೆ ಬರುವಾಗ ಬೇರೆ ಒಂದು ವಿಷಯ ತಲೆಗೆ ಹೊಕ್ಕಿತು. ಎರಡು ಗಂಟೆ ಮಾತಾಡಿದ ನಾವು ರೋಲಂಡ್ ಬಗ್ಗೆ ಏನೂ ಮಾತಾಡಿರಲಿಲ್ಲ. ಕಿಂಗ್ ಹೀಗೆ ಬರೆಯಬಾರದಿತ್ತು, ಹಾಗೆ ಬರೆಯಬೇಕಿತ್ತು, ಬರೀ ಇದೇ.

ಅದಕ್ಕೆ ಎರಡು ವಾರ ಮೊದಲು ನಮ್ಮ ಕಡೆಯ ಐದಾರು ಕನ್ನಡ ಮನೆಯವರು ಯುಗಾದಿ ಊಟಕ್ಕೆ ಸೇರಿದ್ದೆವು. ಒಬ್ಬಟ್ಟು ತಿಂದು ಎಲ್ಲರೂ ಕಾಲು ಚಾಚಿ ಕೂತ ಮೇಲೆ ಮಾತು ಹೇಗೋ 'ಬಂಗಾರದ ಮನುಷ್ಯ'ಕ್ಕೆ ಬಂತು. ಅದು ಸಿನಿಮಾ ಅಂತ ಎಲ್ಲರಿಗೂ ಗೊತ್ತು. 1972ರಲ್ಲಿ ಬಂದು ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಅದರ ಕಾದಂಬರಿ ಬರೆದವರು ಟಿ.ಕೆ. ರಾಮರಾವ್. ಪತ್ತೇದಾರಿ, ಸಸ್ಪೆನ್ಸ್ ಕಥೆಗಳಿಗೆ ಹೆಸರಾದವರು. ಅಕ್ಕನ ಮಗ ಆಡಿದ ಒಂದು ಮಾತಿಗೆ ರಾಜೀವ ತಾನೇ ಕಟ್ಟಿದ ಮನೆ, ತೋಟ ಎಲ್ಲ ಬಿಟ್ಟು ಎದ್ದು ಹೋಗುತ್ತಾನೆ. ಎಲ್ಲಿಗೆ ಅಂತ ಗೊತ್ತಿಲ್ಲ. 50 ವರ್ಷ ಕಳೆದರೂ ಆ ಗಾಯ ಇನ್ನೂ ಹಸಿ. "ಒಂದು ಮಾತು ತಿರುಗಿಸಿ ಹೇಳ್ಬಾರ್ದಿತ್ತಾ?" "ಮರ್ಯಾದಸ್ಥ ಕಣ್ರೀ, ಹೇಳಲ್ಲ ಅವ್ನು." "ಹಂಗಂತ ಅಕ್ಕನ ಮುಖ ನೋಡ್ದೆ ಹೋಗೋದಾ?" ನಾಲ್ಕು ಜನ ಒಟ್ಟಿಗೆ ಕೂಗುತ್ತಿದ್ದರು. ಯಾರೂ ರಾಮರಾವ್ ಹೆಸರು ಎತ್ತಲಿಲ್ಲ. ಕೊನೆ ಚೆನ್ನಾಗಿದೆಯಾ ಇಲ್ವಾ ಅನ್ನುವ ಪ್ರಶ್ನೆಯೇ ಹುಟ್ಟಲಿಲ್ಲ. ನಡೆದದ್ದು ನಡೆದುಹೋಗಿದೆ, ರಾಜೀವ ಮಾಡಿದ್ದು ಸರಿಯಾ ತಪ್ಪಾ, ಅದಷ್ಟೇ ಪಂಚಾಯ್ತಿ.

ಇಲ್ಲಿಯವರು ಬರೆದವನನ್ನು ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ನಮ್ಮವರು ಕಥೆಯ ಒಳಗಿನ ಮನುಷ್ಯನನ್ನು ನಿಲ್ಲಿಸುತ್ತಾರೆ. ಇಷ್ಟು ವರ್ಷ ಇಲ್ಲಿದ್ದೂ ನನಗೆ ನಮ್ಮದೇ ಹೆಚ್ಚು ಹಿಡಿಸುತ್ತದೆ. ಹಾಗಂತ ಇಲ್ಲಿಯವರ ರೀತಿಯಲ್ಲಿ ಏನೂ ಇಲ್ಲ ಅಂತಲ್ಲ. ದೊಡ್ಡ ಲೇಖಕರ ಪುಸ್ತಕ ಹಿಡಿಸಲಿಲ್ಲ ಅಂತ ಮುಲಾಜಿಲ್ಲದೆ ಹೇಳಿ, ಮುಂದಿನ ತಿಂಗಳು ಅವರದ್ದೇ ಇನ್ನೊಂದು ಪುಸ್ತಕವನ್ನು ಆಸೆಯಿಂದ ತೆಗೆದುಕೊಳ್ಳುವುದನ್ನು ನಾನು ಕಲಿತದ್ದು ಇಲ್ಲೇ. ನಮ್ಮಲ್ಲಿ ಹಾಗೆ ಹೇಳಿದರೆ "ಅವರ ಮುಂದೆ ನೀನ್ಯಾರು?" ಅನ್ನುವವರು ಇಬ್ಬರಾದರೂ ಎದ್ದು ನಿಲ್ಲುತ್ತಾರೆ.

ಕೊನೆಯನ್ನು ಗುಟ್ಟಾಗಿ ಇಡುವ ಈ ಮಡಿ ಪತ್ತೇದಾರಿ ಕಥೆಗಳಿಂದ ಬಂದದ್ದು ಅಂತ ನನ್ನ ಅನುಮಾನ. ಅಲ್ಲಿ ಅದು ನ್ಯಾಯವೇ. ಹುಡುಗನಾಗಿದ್ದಾಗ ನಾನು ಎನ್. ನರಸಿಂಹಯ್ಯನವರ ಭಕ್ತ. 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದವರು ಅವರು. ಪತ್ತೇದಾರ ಪುರುಷೋತ್ತಮ ಅಂದರೆ ಊಟ ಬಿಟ್ಟು ಓದುತ್ತಿದ್ದೆ. ಒಂದು ಸಲ ಅದೇ ಬಾಡಿಗೆ ಲೈಬ್ರರಿಯಿಂದ ತಂದ ಪುಸ್ತಕದ ಮೂರನೇ ಪುಟದಲ್ಲಿ, ಒಬ್ಬ ಸಭ್ಯ ಮನುಷ್ಯನ ಹೆಸರು ಬರುವ ಕಡೆ, ಯಾರೋ ಪುಣ್ಯಾತ್ಮ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ "ಇವನೇ" ಅಂತ ಬರೆದಿದ್ದ. ಆ ಒಂದು ಪದಕ್ಕೆ ಮೈಯೆಲ್ಲ ಉರಿದುಹೋಯಿತು. ಅವನು ಸಿಕ್ಕಿದ್ದರೆ ಇವತ್ತಿಗೂ ಬಿಡುವುದಿಲ್ಲ.

ಕಿಂಗ್ ಕಥೆ ಆ ಜಾತಿಯದಲ್ಲ. ಯಾರು ಮಾಡಿದ್ದು ಅಂತ ಅಲ್ಲಿ ಮೊದಲೇ ಗೊತ್ತಿರುತ್ತದೆ. ಅದೂ ಅಲ್ಲದೆ, ಅವರೇ 'ಆನ್ ರೈಟಿಂಗ್' ಅನ್ನುವ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ, ಕಥೆಯ ನಕ್ಷೆ ಮೊದಲೇ ಹಾಕಿಕೊಂಡು ತಾನು ಬರೆಯುವುದಿಲ್ಲ, ಮಣ್ಣಿನಲ್ಲಿ ಹೂತ ಎಲುಬನ್ನು ನಿಧಾನವಾಗಿ ಅಗೆದು ತೆಗೆಯುವ ಹಾಗೆ ಬರೆಯುತ್ತೇನೆ ಅಂತ. 'ಮಿಸರಿ' ಕಾದಂಬರಿ ಶುರು ಮಾಡಿದಾಗ ಅದರೊಳಗಿನ ಲೇಖಕ ಪಾಲ್ ಸಾಯಬೇಕು, ಅವನ ಚರ್ಮದಲ್ಲೇ ಪುಸ್ತಕಕ್ಕೆ ರಟ್ಟು ಕಟ್ಟಬೇಕು ಅಂತಿತ್ತಂತೆ. ಬರೆಯುತ್ತಾ ಹೋದ ಹಾಗೆ ಪಾಲ್ ಅಂದುಕೊಂಡದ್ದಕ್ಕಿಂತ ಗಟ್ಟಿಗ ಅಂತ ಗೊತ್ತಾಯಿತು, ಬದುಕಿಕೊಂಡ. ಡಾರ್ಕ್ ಟವರ್ ಅರ್ಧದಲ್ಲಿದ್ದಾಗ ಕ್ಯಾನ್ಸರ್ ಬಂದ ಒಬ್ಬ ಅಜ್ಜಿ, ನಾನು ಜಾಸ್ತಿ ದಿನ ಇರಲ್ಲ, ಕೊನೆ ಏನು ಅಂತ ಹೇಳಿಬಿಡಿ ಅಂತ ಅವರಿಗೆ ಕಾಗದ ಬರೆದಿದ್ದರು. ಮರಣದಂಡನೆಗೆ ಕಾಯುತ್ತಿದ್ದ ಒಬ್ಬ ಕೈದಿಯೂ ಬರೆದಿದ್ದ. ಗೊತ್ತಿದ್ದರೆ ಇಬ್ಬರಿಗೂ ಹೇಳುತ್ತಿದ್ದೆ, ನನಗೇ ಗೊತ್ತಿರಲಿಲ್ಲ ಅನ್ನುತ್ತಾರೆ ಕಿಂಗ್. ಬರೆಯುವವರಿಗೇ ಗೊತ್ತಿಲ್ಲದ ಗುಟ್ಟಿಗೆ ನಮ್ಮ ಲಾರಿಯವರು ಕಿವಿ ಮುಚ್ಚಿಕೊಂಡು ಕೂತಿದ್ದರು ನೋಡಿ.

'ಮಿಸರಿ' ಬಗ್ಗೆ ಇನ್ನೊಂದು ಮಾತು. ಅದರಲ್ಲಿ ಆನಿ ಅನ್ನುವ ಹುಚ್ಚು ಅಭಿಮಾನಿ ಕಾಲು ಮುರಿದ ಲೇಖಕನನ್ನು ಕೂಡಿಹಾಕಿ, ಸಾಯಿಸಿದ ನಾಯಕಿಯನ್ನು ಬದುಕಿಸು ಅಂತ ಹಿಂಸೆ ಕೊಡುತ್ತಾಳೆ. ಅವಳು ಚಿಕ್ಕವಳಿದ್ದಾಗ ವಾರವಾರ ಕಂತಿನ ಸಿನಿಮಾ ನೋಡುತ್ತಿದ್ದಳು. ಒಂದು ವಾರ ಹೀರೋ ಕಾರಿನ ಜೊತೆಗೇ ಪ್ರಪಾತಕ್ಕೆ ಬೀಳುತ್ತಾನೆ. ಮುಂದಿನ ವಾರ ನೋಡಿದರೆ ಬೀಳುವ ಮೊದಲೇ ಹಾರಿಕೊಂಡಿದ್ದ ಅಂತ ತೋರಿಸುತ್ತಾರೆ. ಅವಳು ಥಿಯೇಟರಿನಲ್ಲೇ ಎದ್ದು ನಿಂತು ಕಿರುಚುತ್ತಾಳೆ, ಹೋದ ವಾರ ಅವನು ಹಾರಿರಲಿಲ್ಲ ಅಂತ. ಈ ಭಾಗ ಓದುವಾಗ ನನಗೆ ಭಯವೇ ಆಗಲಿಲ್ಲ. ನಮ್ಮ ಮನೆಯದೇ ಮಾತು ಕೇಳಿದ ಹಾಗಾಯಿತು. ವಾರಪತ್ರಿಕೆ ಬಂದ ದಿನ ದೊಡ್ಡಮ್ಮ ಧಾರಾವಾಹಿಯ ಪುಟ ಕತ್ತರಿಸಿ, ಸೂಜಿ ದಾರದಲ್ಲಿ ಹೊಲಿದು ಇಡುತ್ತಿದ್ದರು. ಧಾರಾವಾಹಿಗೆ ಕೊನೆ ಪುಟ ಮೊದಲು ಓದುವ ಸೌಕರ್ಯ ಇಲ್ಲ, ಅದು ಅವರಿಗೆ ದೊಡ್ಡ ಸಂಕಟ. ಹೋದ ವಾರ ಬಾವಿಗೆ ಬಿದ್ದವಳು ಈ ವಾರ ಬಾವಿಕಟ್ಟೆ ಮೇಲೆ ಕೂತಿದ್ದರೆ, ಹೊಲಿದಿಟ್ಟ ಕಂತು ಬಿಚ್ಚಿ ಬೆರಳಿಟ್ಟು ತೋರಿಸುವರು: "ನೋಡು, ಇಲ್ಲಿ 'ದುಡುಂ' ಅಂತ ಸದ್ದಾಯ್ತು ಅಂತ ಬರ್ದಿದಾನೆ. ಈಗ ಏನಂತಾನೆ?"

ಹೋದ ವರ್ಷ ಅಮ್ಮ ಬಂದಿದ್ದಾಗ ಮೇನ್‌ನ ಬ್ಯಾಂಗರ್ ಊರಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕಿಂಗ್ ಬಾಳಿದ ಕೆಂಪು ಬಣ್ಣದ ಹಳೇ ಮನೆ ಇದೆ. ಕಬ್ಬಿಣದ ಗೇಟಿನ ಮೇಲೆ ಬಾವಲಿ, ಜೇಡ, ಜೇಡರ ಬಲೆ. ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಒಳ್ಳೇದಾಯ್ತು, ಇಷ್ಟು ದೊಡ್ಡ ಮನೆಗೆ ದೃಷ್ಟಿ ಆಗಬಾರ್ದಲ್ಲ" ಅಂದರು. ಫೋಟೋ ದೊಡ್ಡಮ್ಮನಿಗೆ ಕಳಿಸಿದೆವು. ರಾತ್ರಿ ವಾಟ್ಸಾಪ್‌ನಲ್ಲಿ ವಿಡಿಯೋ ಕಾಲ್ ಬಂತು. ಈಗ ಅವರಿಗೆ 84. ಕಣ್ಣು ಮಂಜು, ಓದಲು ಆಗುವುದಿಲ್ಲ.

"ಆ ಬಾವಲಿ ಗೇಟಿನವ್ನದ್ದು ಒಂದು ಕಥೆ ಹೇಳೋ."

'11/22/63' ಹೇಳೋಣ ಅಂದುಕೊಂಡೆ. ಅಮೆರಿಕದ ಅಧ್ಯಕ್ಷ ಕೆನಡಿ ಕೊಲೆ ತಪ್ಪಿಸಲು ಹಿಂದಿನ ಕಾಲಕ್ಕೆ ಹೋಗುವ ಮೇಷ್ಟ್ರ ಕಥೆ. ಅದಕ್ಕೆ ಕಿಂಗ್ ಮೊದಲು ಬೇರೆ ಕೊನೆ ಬರೆದಿದ್ದರು. ಮಗ ಜೋ ಹಿಲ್, ಅವರೂ ಕಾದಂಬರಿಕಾರರೇ, ಇದಕ್ಕಿಂತ ಒಳ್ಳೆಯದು ಇದೆ ಅಂತ ಒಂದನ್ನು ಸೂಚಿಸಿದರು. ಅಪ್ಪ ಒಪ್ಪಿಕೊಂಡು ಬದಲಾಯಿಸಿದರು. ನಾನು ಎಲ್ಲಿಂದ ಶುರು ಮಾಡಲಿ ಅಂತ ಯೋಚಿಸುತ್ತಿದ್ದೆ. ದೊಡ್ಡಮ್ಮನೇ ಕೇಳಿದರು, "ಕೊನೇಲಿ ಏನಾಗತ್ತೆ?"

"ಅವನು ತನ್ನ ಕಾಲಕ್ಕೆ ವಾಪಸ್ ಬರ್ತಾನೆ ದೊಡ್ಡಮ್ಮ. ಅಲ್ಲಿ ಪ್ರೀತಿಸಿದ ಹುಡುಗಿ ಈಗ 80 ವರ್ಷದ ಮುದುಕಿ. ಅವಳಿಗೆ ಇವನ್ಯಾರು ಅಂತ ಗೊತ್ತಿಲ್ಲ. ಆದ್ರೂ ಇಬ್ರೂ ಸೇರಿ ಡ್ಯಾನ್ಸ್ ಮಾಡ್ತಾರೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯಿತಾ ಅಂತ ನೋಡಿದೆ.

"ಕುಣಿದ್ರಾ? ಸರಿ. ಈಗ ಮೊದ್ಲಿಂದ ಹೇಳು."