ಹುಡುಗ್ರ ಸಿಟ್ಟಿಗೆ ಬರೀ ಮೊಬೈಲ್ ಬೈದ್ರ ಆಗಂಗಿಲ್ಲ

ನಮ್ಮ ಸಿಂಧನೂರು, ಮಸ್ಕಿ ಕಡಿ ಪಿಯುಸಿ ಹುಡುಗ್ರು ಬಡಿದಾಡಿದ್ರು ಅಂದ ಕೂಡ್ಲೇ ಎಲ್ಲಾರೂ ರೀಲ್ಸ್ ಬೈತಾರ, ಮೊಬೈಲ್ ಬೈತಾರ. ಅದರ ಪಾಲೂ ಐತಿ, ಇಲ್ಲಂತಿಲ್ಲ. ಆದ್ರ ಅದೇ ಹುಡುಗ ಸಣ್ಣಾಂವಿದ್ದಾಗ ಓಣ್ಯಾಗ ಹೊಡ್ತ ತಿಂದು ಅಳಕೋತ ಬಂದ್ರ "ಗಂಡಸ ಹೌದಿಲ್ಲೋ, ಹೋಗಿ ನೀನೂ ನಾಕು ಕೊಟ್ಟು ಬಾ" ಅಂದೋರು ಯಾರ್ರೀ? ಸಾಲಿಗೆ ಹೋಗಿ "ಚರ್ಮ ಸುಲೀರಿ ಸರ್, ಕಣ್ಣೆರಡು ಬಿಡ್ರಿ" ಅಂದೋರೂ ನಾವ, 2009ರ ಶಿಕ್ಷಣ ಹಕ್ಕು ಕಾಯ್ದೆದಾಗ ಮಕ್ಳನ್ನ ಹೊಡಿಯಂಗಿಲ್ಲ ಅಂತ ಸ್ಪಷ್ಟ ಐತಿ, ಕೇಳೋರ್ಯಾರು.

ಆಲ್ಬರ್ಟ್ ಬಂಡೂರ ಅಂತ ಮನಶ್ಶಾಸ್ತ್ರಜ್ಞ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಾಗ 1961ರಾಗ 72 ಸಣ್ಣ ಮಕ್ಳ ಜೊತಿ ಒಂದು ಪ್ರಯೋಗ ಮಾಡಿದ್ದ. ದೊಡ್ಡೋರು ಗಾಳಿ ತುಂಬಿದ ಗೊಂಬಿ ಬಡಿಯೋದು ನೋಡಿದ ಮಕ್ಳು ತಾವೂ ಹಂಗ ಬಡಿದ್ವು, ಅವ್ರಾಡಿದ ಮಾತು ಸೈತ ಆಡಿದ್ವು. ಇದು ಬಿ.ಎಡ್ ಮಾಡಿದೋರಿಗೆಲ್ಲ ಗೊತ್ತು. ನನಗ ಹೆದರಿಕಿ ಹುಟ್ಟಿಸಿದ್ದು ಅವನ 1965ರ ಪ್ರಯೋಗ. ಫಿಲ್ಮ್‌ನಾಗ ಬಡದಾಂವಗ ಶಿಕ್ಷೆ ಆದದ್ದು ನೋಡಿದ ಮಕ್ಳು ಕಮ್ಮಿ ಬಡಿದ್ವು, ಖರೆ. ಆಮೇಲೆ "ಅಂವ ಏನು ಮಾಡಿದ ತೋರ್ಸ್ರಿ, ಸ್ಟಿಕ್ಕರ್ ಕೊಡ್ತೀವಿ, ಜ್ಯೂಸ್ ಕೊಡ್ತೀವಿ" ಅಂದ್ರ ಅವೂ ಉಳಿದ ಮಕ್ಳಷ್ಟ ಮಾಡಿ ತೋರ್ಸಿದ್ವು! ಅಂದ್ರ ಕಲ್ತಾಗಿತ್ತು, ಒಳಗ ಇಟ್ಕೊಂಡಿದ್ವು ಅಷ್ಟ.

ಈಗ ನಮ್ಮೂರಾಗ ಆ ಸ್ಟಿಕ್ಕರ್ ಯಾರು ಹಂಚಾಕತ್ಯಾರ ನೋಡ್ರಿ. ತಲವಾರ್‌ಲೆ ಕೇಕ್ ಕತ್ತರಿಸೋ ಅಣ್ಣ, ಪಕ್ಕದಾಗ ನಿಂತು ಚಪ್ಪಾಳಿ ತಟ್ಟೋ ಹಿರೇರು, ಸ್ಟೇಷನ್‌ದಿಂದ ಬಿಡಿಸ್ಕೊಂಡು ಬಂದು ಹಾರ ಹಾಕಿ ಸ್ಟೇಟಸ್ ಇಡೋ ಗೆಳೆಯಾರು, ಎಲೆಕ್ಷನ್ ಬಂದ್ರ "ನಮ್ ಹುಡುಗ್ರು" ಅಂತ ಬೈಕ್ ರ‍್ಯಾಲಿಗೆ ಪೆಟ್ರೋಲ್ ಹಾಕ್ಸೋರು.

ಅಪ್ಪ ಅವ್ವ ಬೆಂಗ್ಳೂರಿಗೆ ಗುಳೆ ಹೋಗಿರ್ತಾರ, ಮನ್ಯಾಗ ಅಜ್ಜಿ ಒಬ್ಬಾಕಿ, ಹದಿನೈದರ ಹುಡುಗ ಸಂಜಿಗೆ ಎಲ್ಲಿ ಹೋಗಬೇಕು? "ಉಂಡಿಯೇನಲೇ" ಅಂತ ಹೆಗಲ ಮ್ಯಾಲೆ ಕೈ ಹಾಕಿ ಕೇಳೋದು ಆ ಅಣ್ಣ ಒಬ್ಬನ. ಹುಡುಗ ಹೋಗೋದು ಹೊಡೆದಾಟಕ್ಕಲ್ಲ, ಆ ಮಾತಿಗೆ. ಹೊಡೆದಾಟ ಆಮೇಲೆ ಬರ್ತೈತಿ, ಋಣ ತೀರಿಸಾಕ. (ಗುಳೆ ಹೋದೋರ ಮಕ್ಳೆಲ್ಲ ಹಿಂಗ ಅಂತ ಯಾರೂ ತಿಳ್ಕೋಬ್ಯಾಡ್ರಿ, ಅಜ್ಜಿ ಹತ್ರ ಬೆಳದು ಚೆಂದ ಓದಿದೋರು ಓಣಿಗೊಬ್ರು ಅದಾರ.)

ಓಣಿ ಹಿರೇರಿಗೆ ನಾ ಕೇಳೋದಿಷ್ಟ. ಈ ಸಲ ಗಣಪತಿಗೆ, ಮೊಹರಂ ಅಲಾಯಿಗೆ, ಜಾತ್ರಿಗೆ ಕಮಿಟಿ ಮಾಡುವಾಗ ಜೋರು ಮಾಡೋ ಹುಡುಗನ್ನ ಮುಂದ ಬಿಡಬ್ಯಾಡ್ರಿ. ಹೋದ ವರ್ಷ ಜಗಳ ಬಿಡಿಸಾಕ ನಡುವ ನಿಂತ ಹುಡುಗ ಯಾರಂತ ನಿಮಗ ಗೊತ್ತೈತಿ, ಮೈಕ್‌ನಾಗ ಅವನ ಹೆಸ್ರು ಕರೀರಿ, ಶಾಲು ಅವಗ ಹೊದಿಸ್ರಿ.