ಸಿಲಿಂಡರ್ ಹಿಡಿದಿದ್ದ ಕೈ

ಇಲ್ಲಿ, ಹೊರದೇಶದ ಡೈವಿಂಗ್ ಸೆಂಟರಿನಲ್ಲಿ ಕಲಿಸುವವಳಿಗೆ ನನ್ನ ಡೈವಿಂಗ್ ಕಾರ್ಡು ತೋರಿಸಿದೆ. ಆಕೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸರಿ, ಮೊದಲು ಕೊಳಕ್ಕೆ ಇಳಿಯೋಣ" ಎಂದಳು. ಚುರುಕ್ ಅಂದಿತು. ಓಪನ್ ವಾಟರ್ ಡೈವರ್ ಎಂದು ಫೋಟೊ ಸಮೇತ ಅಚ್ಚಾಗಿರುವ ಕಾರ್ಡು. 18 ಮೀಟರ್ ಆಳಕ್ಕೆ ಹೋಗಬಹುದು ಅಂತ ಅದರ ಅರ್ಥ. ಅಂಥವನನ್ನು ಎರಡು ಮೀಟರ್ ನೀರಿಗೆ ಇಳಿಸ್ತಾರಂತೆ!

ಇಳಿದೆ. ಮಾಸ್ಕ್ ತೆಗೆದು ಒಂದು ನಿಮಿಷ ರೆಗ್ಯುಲೇಟರ್‌ನಲ್ಲೇ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಉಸಿರಾಡು ಎಂದು ಸನ್ನೆ ಮಾಡಿದಳು. ಮೂಗಿಗೆ ನೀರು ನುಗ್ಗಿದ್ದೇ ತಡ, ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಲು ಹೋದೆ. ಆಕೆ ತೋಳು ಹಿಡಿದು ನಿಲ್ಲಿಸಿದಳು. ನಿಲ್ಲಿಸದಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ಹೇಳಿದಳು. ಸಿಲಿಂಡರಿನ ಗಾಳಿ ಎಳೆದುಕೊಂಡು ಉಸಿರು ಕಟ್ಟಿ ಮೇಲೆ ಬಂದರೆ, ಒತ್ತಡ ಕಡಿಮೆಯಾಗುತ್ತಾ ಆ ಗಾಳಿ ಹಿಗ್ಗುತ್ತದೆ. ಶ್ವಾಸಕೋಶಕ್ಕೆ ಪೆಟ್ಟು ಬೀಳಲು ಒಂದೂವರೆ ಮೀಟರ್ ನೀರೂ ಸಾಕು.

"ಇದನ್ನು ಕೋರ್ಸಿನಲ್ಲಿ ಮಾಡಿದ್ದೀಯಾ?" ಎಂದು ಕೇಳಿದಳು. ಮಾಡಿದ್ದೆ ಅಂದೆ.

ನಿಜ ಹೇಳಬೇಕು ಅಂದರೆ, ಮಾಡಿದ್ದು ಬೇರೆ. ಊರಿಗೆ ರಜೆಗೆ ಹೋದಾಗ ಕಲಿತ ವಿದ್ಯೆ ಇದು. ಮಾಸ್ಕ್‌ಗೆ ಅರ್ಧ ನೀರು ಬಿಟ್ಟುಕೊಂಡು, ಮೂಗಿನಿಂದ ಒಂದು ಸಲ ಊದಿ ಹೊರಹಾಕಿದ್ದೆ. ನಮ್ಮ ಮೇಷ್ಟ್ರು ಭೇಷ್ ಎಂದು ಕೈ ಕುಲುಕಿದ್ದರು. ಆ ಕೋರ್ಸ್ ಪೂರ್ತಿ ನಡೆದದ್ದೇ ಒಂದು ಮಾತಿನ ಮೇಲೆ: "ನಾವಿದೀವಲ್ಲ ಸಾರ್." ಸಿಲಿಂಡರಿಗೆ ರೆಗ್ಯುಲೇಟರ್ ಜೋಡಿಸಲು ಹೋದರೆ, ನೀವು ಕೂತ್ಕೊಳ್ಳಿ ಸಾರ್. ಫಿನ್, ಅಂದರೆ ಕಾಲಿನ ಈಜುರೆಕ್ಕೆ ಕೂಡ ಹುಡುಗನೇ ಬಂದು ಹಾಕಿದ. 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು ಎಂಬ ನಿಯಮ "ಈಜು ಬರುತ್ತಲ್ವಾ?" ಎಂಬ ಪ್ರಶ್ನೆಯಲ್ಲೇ ಮುಗಿಯಿತು. ಆರೋಗ್ಯದ ಫಾರಂ ಬಂದಾಗ, "ಎಲ್ಲದಕ್ಕೂ ಇಲ್ಲ ಅಂತ ಬರೀರಿ, ಸುಮ್ನೆ ಡಾಕ್ಟರ್ ಚೀಟಿ ಕೇಳ್ತಾರೆ" ಎಂದರು. ಚಿಕ್ಕಂದಿನಲ್ಲಿ ನನಗೆ ಉಬ್ಬಸ ಇತ್ತು. ಇಲ್ಲ ಅಂತ ಬರೆದೆ.

ನೀರಿನೊಳಗೆ ಇನ್ನೂ ಸುಖ. ಮೇಷ್ಟ್ರು ಹಿಂದಿನಿಂದ ನನ್ನ ಸಿಲಿಂಡರ್ ಹಿಡಿದುಕೊಂಡೇ ಇರುತ್ತಿದ್ದರು. ತೇಲಲು ಮುಳುಗಲು ಜಾಕೆಟ್ಟಿಗೆ ಗಾಳಿ ತುಂಬುವುದು, ಬಿಡುವುದು ಎಲ್ಲ ಅವರದೇ ಕೈ. ನಾನು ಮೀನು ನೋಡುತ್ತಿದ್ದೆ. ಎಷ್ಟು ಚೆನ್ನಾಗಿ ತೇಲುತ್ತೀನಿ ಅಂತ ಒಳಗೊಳಗೇ ಜಂಬ ಬೇರೆ.

ಮೊದಲ ಸಲ ಸುಮ್ನೆ ರುಚಿ ನೋಡಲು ಇಳಿಯುವವರಿಗೆ ಹೀಗೇ ಮಾಡಬೇಕು, ತಪ್ಪಿಲ್ಲ. ಅದನ್ನು 12 ಮೀಟರಿಗೇ ನಿಲ್ಲಿಸುತ್ತಾರೆ. ಆದರೆ ಕೋರ್ಸ್ ಅಂದರೆ ಆ ಕೈ ಬಿಡಿಸುವುದಕ್ಕೆ ಅಲ್ವಾ? ಐಎಸ್ಒ 24801 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದಕ್ಕೆ ಬೇರೆ ಬೇರೆ ಮೆಟ್ಟಿಲುಗಳೇ ಇವೆ. ಮೊದಲನೆಯದು ಮೇಲುಸ್ತುವಾರಿಯಲ್ಲಿ ಮಾತ್ರ ಇಳಿಯುವ ಡೈವರ್. ಎರಡನೆಯದು ತನ್ನಂಥದೇ ಜೊತೆಗಾರನೊಂದಿಗೆ, ಲೀಡರ್ ಇಲ್ಲದೆ ಇಳಿಯಬಲ್ಲ ಡೈವರ್. ಓಪನ್ ವಾಟರ್ ಅಂದರೆ ಎರಡನೆಯದು. ನನ್ನ ಜೇಬಿನಲ್ಲಿದ್ದದ್ದು ಎರಡನೆಯದರ ಕಾರ್ಡು, ನನಗೆ ಬರುತ್ತಿದ್ದದ್ದು ಮೊದಲನೆಯದು. ಅದೂ ಕಷ್ಟಪಟ್ಟು.

ಇಲ್ಲಿ ಆಕೆ ನನ್ನನ್ನು ಒಂದು ಸಲವೂ ಹಿಡಿದು ತೇಲಿಸಲಿಲ್ಲ. ಎದುರಿಗೆ ಕೈ ಕಟ್ಟಿಕೊಂಡು ತೇಲುತ್ತಾ ನೋಡುತ್ತಿದ್ದಳು. ಸಿಲಿಂಡರ್ ಜೋಡಿಸು. ತಪ್ಪಾಯಿತು, ಬಿಚ್ಚು, ಮತ್ತೆ ಜೋಡಿಸು. ಜೊತೆಗಾರನ ಜಾಕೆಟ್, ತೂಕದ ಬೆಲ್ಟು, ಬಕಲ್, ಗಾಳಿ ಎಲ್ಲ ಮುಟ್ಟಿ ಪರೀಕ್ಷೆ ಮಾಡು. ಮೂರನೇ ದಿನ ಸಮುದ್ರಕ್ಕೆ ಕರೆದುಕೊಂಡು ಹೋದಳು. ವಾಪಸು ಬರುವಾಗ ಸುರಕ್ಷತೆಗೆಂದು 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲಬೇಕಲ್ಲ, ಅಲ್ಲಿ ಗೊತ್ತಾಯಿತು ನನ್ನ ಬಂಡವಾಳ. ಬಲೂನಿನ ಥರ ಮೇಲೆ ಹೋಗುತ್ತಿದ್ದೆ. ಊರಲ್ಲಿ ಆ 3 ನಿಮಿಷ ನಿಂತಿದ್ದು ನಾನಲ್ಲ, ಸಿಲಿಂಡರ್ ಹಿಡಿದಿದ್ದ ಕೈ.

ಸಿಟ್ಟು ಬಂತು. ಎರಡೂ ಕಡೆ ಪುಸ್ತಕ ಅದೇ, ಕಾರ್ಡು ಅದೇ. ನಮ್ಮವರಿಗೆ ಮಾತ್ರ ಕಲಿಯುವವನು ಅತಿಥಿ. ಅತಿಥಿಗೆ "ನಿನಗಿನ್ನೂ ಬಂದಿಲ್ಲ, ನಾಳೆ ಬಾ" ಎಂದು ಹೇಳುವುದು ಹೇಗೆ? ಫೇಲ್ ಮಾಡುವುದು ಅವಮಾನ ಅಂದುಕೊಳ್ಳುತ್ತೇವೆ. ನೀರಿಗೆ ಆ ಮುಲಾಜು ಇಲ್ಲ.

ಆದರೂ ಒಂದೆರಡು ಮಾತು ಒಪ್ಪಿಕೊಳ್ಳಬೇಕು, ಇಷ್ಟವಿಲ್ಲದಿದ್ದರೂ. ಊರಿನ ಆ ಮೇಷ್ಟ್ರು ನೀರಿನಲ್ಲಿ ಒಂದು ಗಳಿಗೆಯೂ ನನ್ನ ಮೇಲಿಂದ ಕಣ್ಣು ತೆಗೆದವರಲ್ಲ. ಇಲ್ಲಿ ಮುಂದಿನ ವಾರ ಬೇರೊಬ್ಬ ಗೈಡ್ ಜೊತೆ ಹೋದಾಗ ನನ್ನ ಗಾಳಿ 50 ಬಾರ್‌ಗೆ, ಅಂದರೆ ಮೀಸಲಿನ ಮಟ್ಟಕ್ಕೆ ಇಳಿದಿತ್ತು, ಆತ ತಿರುಗಿಯೂ ನೋಡಿರಲಿಲ್ಲ. ನಿನ್ನ ಗೇಜು ನೀನು ನೋಡ್ಕೋಬೇಕು ಅಂದ, ಅಷ್ಟೆ. ಮಬ್ಬು ನೀರಿನಲ್ಲಿ ಎಂಟು ಹೊಸಬರಿಗೆ ಒಬ್ಬನೇ ಕಲಿಸುತ್ತಿದ್ದದ್ದನ್ನೂ ಇಲ್ಲೇ ನೋಡಿದ್ದೇನೆ. ಒಬ್ಬರಿಗೆ ಎಂಟು ಜನ ಅಂತ ಪುಸ್ತಕದಲ್ಲಿದೆ, ನಿಜ. ನೀರು ಮಬ್ಬಿದ್ದರೆ ಕಡಿಮೆ ಮಾಡಿ ಅಂತಲೂ ಇದೆ.

ಇನ್ನೊಂದು. ಕೋರ್ಸಿಗೆ ಮೂರು ನಾಲ್ಕು ದಿನ ಬೇಕು ಅಂತ ಮೇಷ್ಟ್ರು ಮೊದಲೇ ಹೇಳಿದ್ದರು. ವಿಮಾನ ಇದೆ, ಎರಡು ದಿನಕ್ಕೆ ಮುಗಿಸಿಕೊಡಿ ಅಂತ ಗೋಗರೆದವನು ನಾನೇ.

ಊರಿನ ಕೋರ್ಸ್ ಮುಗಿದ ಮೇಲೆ, ಕಾರ್ಡು ಕೊಡುವ ಏಜೆನ್ಸಿಯಿಂದ ಒಂದು ಮೇಲ್ ಬಂದಿತ್ತು. ಮಾಸ್ಕ್ ಪೂರ್ತಿ ತೆಗೆದು ಹಾಕಿಕೊಂಡಿರಾ? ಸಲಕರಣೆ ನೀವೇ ಜೋಡಿಸಿದಿರಾ? ಈಜಿದಿರಾ? ಎಲ್ಲೋ ಕೂತ ಅವರಿಗೆ ನಮ್ಮ ಮೇಷ್ಟ್ರ ಕೆಲಸ ಗೊತ್ತಾಗಲು ಇದ್ದದ್ದು ಅದೊಂದೇ ಕಿಟಕಿ. ಏರ್‌ಪೋರ್ಟಿನಲ್ಲಿ ಕೂತು, ಪಾಪ ಒಳ್ಳೆ ಮನುಷ್ಯ ಅಂದುಕೊಂಡು, ಎಲ್ಲದಕ್ಕೂ ಹೌದು ಅಂತ ಒತ್ತಿದ್ದೆ.